ಬೇಲಿಯ ಹೊರಗೆ ಒರಗಿಸಿದ್ದ ಬಾಗಿಲು

"ನನ್ನ ಬಾಗಿಲು ನೋಡಿದ್ರಾ?"

ಮೆರೇಟೆ ಕದ ತೆರೆದ ಕೂಡಲೇ ಎದುರಿಗಿದ್ದ ಅಪರಿಚಿತ ಕೇಳಿದ ಮೊದಲ ಮಾತು ಇದು.

ನಮಸ್ಕಾರವಿಲ್ಲ, ಹೆಸರಿಲ್ಲ. ಎತ್ತರದ ಆಳು. ಉಣ್ಣೆಯ ಸ್ವೆಟರಿನ ಒಂದು ತೋಳನ್ನು ಮಡಚಿದ್ದ, ಇನ್ನೊಂದನ್ನು ಮರೆತಿದ್ದ. ಡೆನ್ಮಾರ್ಕಿನ ಬಂದರು ಊರು ಸ್ವೆನ್‌ಬೋರ್ಗಿನ ಏಪ್ರಿಲ್ ಗಾಳಿ ಅವನ ಕೂದಲನ್ನು ಕೆದರುತ್ತಿತ್ತು.

"ಬಾ... ಬಾಗಿಲಾ?"

"ಹೌದು. ಓಕ್ ಮರದ್ದು, ದಪ್ಪ ಹಲಗೆ. ನಿನ್ನೆ ಸಾಮಾನು ಇಳಿಸುವಾಗ ಬೇಲಿ ಹೊರಗೆ ಒರಗಿಸಿಟ್ಟೆ. ಒಬ್ಬನ ಕೈಲಿ ಎತ್ತೋಕಾಗಲಿಲ್ಲ. ಬೆಳಿಗ್ಗೆ ನೋಡಿದ್ರೆ ಮಾಯ! ಅಯ್ಯೋ, ಕ್ಷಮಿಸಿ... ನಾನು ಎಸ್ಬೆನ್. ಮೂಲೆ ಮನೆಗೆ ಬಂದವನು."

ಮೆರೇಟೆ ಕದವನ್ನು ತುಸು ಮುಂದಕ್ಕೆಳೆದು ಹಿಡಿದಳು.

"ಗುರುತು ಸುಲಭ," ಅವನು ಮುಂದುವರಿಸಿದ. "ಕೆಳಗೆ ಬೆಕ್ಕಿಗೆ ಅಂತ ಒಂದು ಕಿಂಡಿ ಇದೆ. ನಮ್ಮಪ್ಪ ಕೊರೆದಿದ್ದು. ಜೀವನ ಪೂರ್ತಿ ದೋಣಿ ಕಟ್ಟಿದ ಮನುಷ್ಯ, ಕೂದಲೆಳೆಯಷ್ಟೂ ತಪ್ಪದ ಕೈ. ಆ ಕಿಂಡಿ ಮಾತ್ರ ಸೊಟ್ಟ! ಬೆಕ್ಕು ಹೊರಗೆ ಕೂತು ಬೈತಿತ್ತಂತೆ. ಅದರ ಬೈಗುಳ ತಡೆಯೋಕಾಗದೆ ಅಳತೇನೇ ಮಾಡಲಿಲ್ಲ ಅಂತಿದ್ರು."

ಅವನು ನಕ್ಕ. ಅವಳೂ ನಕ್ಕಳು. ತುಟಿ ತಾನಾಗಿಯೇ ಅರಳಿಬಿಟ್ಟಿತು.

ಅವಳ ಬೆನ್ನ ಹಿಂದೆ, ಕೋಣೆಯ ಕಬ್ಬಿಣದ ಒಲೆಯಲ್ಲಿ, ಒಣ ಓಕ್ ಚಿಟ್ ಎಂದು ಸಿಡಿಯಿತು.

"ನೋಡಿದ್ರಾ?"

'ಹೇಳು. ಈಗಲೇ ಹೇಳು...'

"ಇಲ್ಲ," ಎಂದಳು ಮೆರೇಟೆ. "ನೋಡಿಲ್ಲ."

ಅವನು ತಲೆಯಾಡಿಸಿ, ತೊಂದರೆ ಕೊಟ್ಟೆ ಅಂತ ಹೇಳಿ, ಮುಂದಿನ ಮನೆಗೆ ಹೋದ.

ಅವಳು ಒಲೆಯ ಬಾಯಿ ತೆರೆದಳು. ಹಲಗೆಯ ತುಂಡುಗಳು ಆಗಲೇ ಕೆಂಡವಾಗಿದ್ದವು. ಸೊಟ್ಟ ಕಿಂಡಿಯ ಅಂಚು ಒಂದು ಕ್ಷಣ ಕೆಂಪಗೆ ಹೊಳೆದು ಒಳಕ್ಕೆ ಕುಸಿಯಿತು.

*

ಅವಳು ಕದ್ದಿರಲಿಲ್ಲ. ಅದನ್ನು ಮೊದಲೇ ಹೇಳಬೇಕು.

ನಗರಸಭೆಯ ಲಾರಿ ಮನೆಯ ಹಳೆಯ ದೊಡ್ಡ ಸಾಮಾನು ಒಯ್ಯಲು ಬರುವ ಹಿಂದಿನ ಸಂಜೆ, ಆ ಬೀದಿಯಲ್ಲಿ ಬೇಲಿಯ ಹೊರಗೆ ಇಟ್ಟದ್ದೆಲ್ಲ ಬೇಕಾದವರದು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಒಬ್ಬರ ಮಂಚ ಇನ್ನೊಬ್ಬರ ಮನೆ ಸೇರುತ್ತದೆ. ತನ್ನ ಹಳೆಯ ದೀಪವನ್ನು ಪಕ್ಕದ ಮನೆಯ ಕಿಟಕಿಯಲ್ಲಿ ಕಂಡವರು ಖುಷಿಪಡುತ್ತಾರೆ. ಎಸ್ಬೆನ್ ಊರಾಚೆ ಕಡಲಿನಲ್ಲಿರುವ ಪುಟ್ಟ ದ್ವೀಪದಿಂದ ಬಂದವನು. ಅಲ್ಲಿ ಬೇಲಿಯ ಹೊರಗಿಟ್ಟ ವಸ್ತು ವಾರ ಕಳೆದರೂ ಅಲ್ಲೇ ಇರುತ್ತದೆ. ಬೇರೆ ಯಾವ ದಿನ ಇಟ್ಟಿದ್ದರೂ ಬಾಗಿಲು ಉಳಿಯುತ್ತಿತ್ತು.

ಮೆರೇಟೆಗೆ ಒಂದು ಕೆಲಸದ ಮೇಜು ಬೇಕಿತ್ತು. ಗಂಡ ತೀರಿಹೋದ ಮೇಲೆ ಅವಳು ಅಂಥ ಸಂಜೆಗಳಲ್ಲಿ ಮುರಿದ ಕುರ್ಚಿಗಳನ್ನು ತರತೊಡಗಿದ್ದಳು. ರಿಪೇರಿ ಮಾಡಿ ಯಾರಿಗೋ ಕೊಡುತ್ತಿದ್ದಳು. ಹಗಲು ಕಾಲೇಜಿನಲ್ಲಿ ಇತಿಹಾಸದ ಪಾಠ, ಸಂಜೆ ಕುರ್ಚಿ. ಕೈಗೆ ಕೆಲಸವಿದ್ದರೆ ತಲೆ ಸುಮ್ಮನಿರುತ್ತಿತ್ತು. ಅಡುಗೆಮನೆಯ ಮೇಜು ಗಾಯಗಳಿಂದ ತುಂಬಿಹೋಗಿತ್ತು. ಅಂಗಡಿಯ ಮೇಜಿನ ಬೆಲೆ ಕೇಳಿದರೆ ಎದೆ ಒಡೆಯುತ್ತಿತ್ತು. ಕಾಲುಗಳನ್ನು ಅಗ್ಗದ ಪೈನ್ ಹಲಗೆಯಲ್ಲಿ ತಾನೇ ಕಟ್ಟಿದ್ದಳು. ಮೇಲಿನ ಹಲಗೆಯೊಂದೇ ಬಾಕಿ.

ಆಗ ಆ ಬಾಗಿಲು!

ಒಬ್ಬಳಿಂದ ಎತ್ತಲಾಗದೆ ಎದುರು ಮನೆಯ ರಿಗ್ಮೋರಳನ್ನು ಕರೆದಳು. ರಿಗ್ಮೋರ್ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತಳಾದವಳು. ತೋಳುಗಳಲ್ಲಿ ಇನ್ನೂ ಸ್ಟೀರಿಂಗಿನ ಬಲವಿತ್ತು. ಇಬ್ಬರೂ ಏದುಸಿರು ಬಿಡುತ್ತಾ ಹೊತ್ತು ಮೆರೇಟೆಯ ಶೆಡ್ಡಿಗೆ ತಂದರು. ಬಾಗಿಲು ಮೇಜಿಗಿಂತ ಉದ್ದವಾಗಿತ್ತು. ಕಿಂಡಿ ಇದ್ದ ಕಡೆಯನ್ನೇ ಕತ್ತರಿಸುವುದು ಸರಿ ಅನ್ನಿಸಿತು. ಕತ್ತರಿಸಿದ ತುಂಡುಗಳು ಒಲೆಯ ಸೌದೆಯಾದವು.

ಮರುದಿನ ಎಸ್ಬೆನ್ ಬಂದುಹೋದ ಮೇಲೆ ರಿಗ್ಮೋರ್ ಬೀದಿ ದಾಟಿ ಬಂದಳು.

"ಏನಂದೆ ಅವನಿಗೆ?"

"ನೋಡಿಲ್ಲ ಅಂದೆ."

"ಅಯ್ಯೋ ಹುಚ್ಚಿ! ಯಾಕೆ? ತಗೊಂಡಿದ್ದು ತಪ್ಪಲ್ಲ ಕಣೇ. ಬೀದಿಯವರೆಲ್ಲ ನಿನ್ನ ಪರ ಇರ್ತಿದ್ರು."

"ಕಿಂಡಿ ಉರೀತಿತ್ತು ರಿಗ್ಮೋರ್... ಅವನು ಅವರಪ್ಪನ ವಿಷಯ ಹೇಳ್ತಾ ನಗ್ತಿದ್ದ. ಅದು ಒಲೇಲಿ ಉರೀತಿತ್ತು."

ರಿಗ್ಮೋರ್ ಒಲೆಯ ಕಡೆ ನೋಡಿದಳು.

"ನನ್ನನ್ನೂ ಕೇಳಿದ. ತಗೊಂಡವರು ಅವರೇ ಬಂದು ಹೇಳ್ತಾರೆ, ತಡಿಯಪ್ಪಾ ಅಂದಿದ್ದೀನಿ. ಬಾಗಿಲ ಒಂದು ತುದಿ ಹೊತ್ತೆ, ನಿಜ. ಸುಳ್ಳಿನ ತುದಿ ಹೊರಲ್ಲ. ಬೇಗ ಹೋಗಿ ಹೇಳು."

'ನಾಳೆ ಹೇಳ್ತೀನಿ,' ಅಂದುಕೊಂಡಳು ಮೆರೇಟೆ.

ನಾಳೆ ಬಂತು. ಅದರ ಮರುದಿನವೂ ಬಂತು. ಒಂದು ದಿನ ತಡವಾದ ಸತ್ಯ ಇನ್ನೊಂದು ದಿನಕ್ಕೆ ಇಮ್ಮಡಿ ಭಾರವಾಗುತ್ತಿತ್ತು.

*

ಮೇ ತಿಂಗಳ ಒಂದು ಶನಿವಾರ ಅವಳು ಮೂಲೆ ಮನೆಯ ಮುಂದೆ ಹಾದುಹೋಗುತ್ತಿದ್ದಳು. ಎಸ್ಬೆನ್ ಅಂಗಳದಲ್ಲಿ ಮಂಡಿಯೂರಿ, ಅಡುಗೆಮನೆಯ ಕುರ್ಚಿಯ ಮೇಲೆ ದೋಣಿಯ ಹುಟ್ಟೊಂದನ್ನಿಟ್ಟು ಕೀಸುಳಿ ಹೊಡೆಯುತ್ತಿದ್ದ. ಪ್ರತಿ ಸಲ ತಳ್ಳಿದಾಗಲೂ ಕುರ್ಚಿ ಮುಂದಕ್ಕೆ ಓಡುತ್ತಿತ್ತು. ಅವನು ಮಂಡಿಯಲ್ಲೇ ಅದರ ಹಿಂದೆ ಹೋಗುತ್ತಿದ್ದ.

"ಎಲ್ಲಿಗೆ ಪ್ರಯಾಣ?" ಅವಳಿಗೆ ತಡೆಯಲಾಗಲಿಲ್ಲ.

"ಹೀಗೇ ಹೋದ್ರೆ ಸಂಜೆಗೆ ಜರ್ಮನಿ!" ಅವನು ಬೆವರು ಒರೆಸಿಕೊಂಡ. "ಆ ಬಾಗಿಲಿಗೆ ಕಾಲು ಹಾಕಿ ಮೇಜು ಮಾಡ್ಕೋಬೇಕು ಅಂತಿದ್ದೆ. ಅಪ್ಪ ದೋಣಿ ಕಟ್ತಿದ್ದ ದೋಣಿಮನೆ ಮಾರಿಹೋಯ್ತು, ಕೊಂಡವರು ಕೆಡವಿದ್ರು. ಆ ಬಾಗಿಲೊಂದೇ ತಂದಿದ್ದೆ. ಹೋಗಲಿ ಬಿಡಿ. ಯಾರ ಮನೇಲೋ ಚೆನ್ನಾಗಿರಲಿ."

ಬೈದಿದ್ದರೆ ಅವಳು ಅಂದೇ ಹೇಳಿಬಿಡುತ್ತಿದ್ದಳೇನೋ.

"ನಾನು... ನಾನು ಕಟ್ಟಿಕೊಡ್ತೀನಿ," ಅಂದಳು. ಮಾತು ಬಾಯಿ ಬಿಟ್ಟ ಮೇಲೆ ತನಗೇ ಕೇಳಿಸಿತು. "ಮೇಜು. ಖರ್ಚೂ ಕಡಿಮೆ. ನನಗೆ ಬರುತ್ತೆ."

"ನಿಮಗ್ಯಾಕೆ ತೊಂದರೆ?"

"ತೊಂದರೆ ಇಲ್ಲ!"

ಅವಳ ದನಿಯ ಅವಸರಕ್ಕೆ ಅವನು ಬೆರಗಾಗಿ ನೋಡಿದ. ದಯೆ ಅಂದುಕೊಂಡ. ಪಾಪ!

ಹೀಗೆ ಶನಿವಾರಗಳು ಶುರುವಾದವು. ಅವನು ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕ ಶನಿವಾರ ಇಬ್ಬರೂ ಮರದ ಅಂಗಡಿಗೆ ಹೋಗಿ ಕಟ್ಟಡಕ್ಕೆ ಬಳಸುವ ಸಾದಾ ಪೈನ್ ಆರಿಸಿದರು. ಅವಳು ಒಂದು ಕಣ್ಣು ಮುಚ್ಚಿ ಪ್ರತಿ ಹಲಗೆಯ ಅಂಚನ್ನೂ ಉದ್ದಕ್ಕೆ ನೋಡುತ್ತಿದ್ದಳು.

"ಬಂದೂಕು ಹಿಡಿದ ಹಾಗೆ ನೋಡ್ತೀರಲ್ಲ!"

"ಸೊಟ್ಟ ಇದ್ರೆ ಗೊತ್ತಾಗುತ್ತೆ."

"ಮನುಷ್ಯರನ್ನೂ ಹೀಗೆ ನೋಡೋಕೆ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಅವಳು ಹಲಗೆಯ ಹಿಂದೆ ಮುಖ ಮರೆಸಿದಳು.

ಎರಡು ಹಲಗೆ ಸೇರಿಸಿ ಅಂಟು ಹಾಕಿದರೆ ಒಂದು ದಪ್ಪ ಕಾಲು. ಒಳಗಿನ ಹಲಗೆ ಹೊರಗಿನದಕ್ಕಿಂತ ಗಿಡ್ಡ. ಅಲ್ಲಿ ಉಳಿಯುವ ಹೆಗಲಿನಂಥ ಮೆಟ್ಟಿಲ ಮೇಲೆ ಅಡ್ಡಪಟ್ಟಿ ಕೂರುತ್ತದೆ.

"ಭಾರ ಮರದ ಮೇಲೆ ಬೀಳಬೇಕು. ಸ್ಕ್ರೂ ಮೇಲೆ ಬಿದ್ರೆ ಇವತ್ತಲ್ಲ ನಾಳೆ ಅಲ್ಲಾಡುತ್ತೆ," ಅಂದಳು.

"ಎತ್ತರ ಎಷ್ಟು?"

"ನಿಮ್ಮ ಮಣಿಕಟ್ಟು ಎಷ್ಟು ಎತ್ತರವೋ ಅಷ್ಟು. ನೆಟ್ಟಗೆ ನಿಲ್ಲಿ. ಕೈ ಇಳಿಬಿಡಿ. ಬಿಗಿ ಬೇಡ, ಸಡಿಲ."

ಅವಳು ಟೇಪಿನ ತುದಿಯನ್ನು ನೆಲದ ಮೇಲೆ ಕಾಲಿನಿಂದ ಒತ್ತಿಹಿಡಿದು, ಅವನ ಮಣಿಕಟ್ಟಿನ ತನಕ ಎಳೆದಳು. ಬೆರಳು ಅವನ ಚರ್ಮಕ್ಕೆ ತಾಗಿತು. ಅಲ್ಲೊಂದು ನಾಡಿ ಬಡಿಯುತ್ತಿತ್ತು. ಜೋರಾಗಿ, ಬೇಗಬೇಗ.

ಯಾರದೋ ಬಿಸಿ ಕೈಯನ್ನು ಮುಟ್ಟಿ ಎಷ್ಟು ಕಾಲವಾಗಿತ್ತು!

ಇಬ್ಬರೂ ಅಲುಗಲಿಲ್ಲ.

"ಎಷ್ಟು ಬಂತು?" ಅವನ ದನಿ ತಗ್ಗಿತ್ತು.

"ಹಾಂ? ... ನೋಡಲಿಲ್ಲ."

ಇನ್ನೊಮ್ಮೆ ಅಳೆಯಬೇಕಾಯಿತು.

ಅಂದಿನಿಂದ 'ನೀವು' ಹೋಗಿ 'ನೀನು' ಬಂತು. ಕರಿಬ್ರೆಡ್ಡಿನ ಮೇಲೆ ಹೆರಿಂಗ್ ಮೀನಿಟ್ಟು ತಿನ್ನುತ್ತಾ ಅವನು ಅಪ್ಪನ ಕತೆ ಹೇಳುತ್ತಿದ್ದ. ಅವಳು ಕೇಳುತ್ತಿದ್ದಳು. ಪ್ರೀತಿ ಒಳಗೆ ಬಂದದ್ದು ಹಾಗೆ. ಅದರ ಜೊತೆಗೇ ನಾಚಿಕೆಯೂ ಬಂದು ಪಕ್ಕದಲ್ಲಿ ಕೂರುತ್ತಿತ್ತು. 'ಇವನು ನಗುವುದು ನನಗಲ್ಲ. ಸುಳ್ಳು ಹೇಳದ ಯಾರಿಗೋ.'

*

ಹೊಸ ಮೇಜಿನ ಕಾಲುಗಳು ಎದ್ದುನಿಂತ ದಿನ ಎಸ್ಬೆನ್ ಕೇಳಿದ.

"ನಿನ್ನ ಮೇಜು ನೋಡ್ಬೇಕು ಮೆರೇಟೆ. ಇಷ್ಟೆಲ್ಲ ಅದನ್ನ ಕಟ್ಟಿ ಕಲಿತಿದ್ದು ಅಂತೀಯ. ನಡಿ, ಈಗಲೇ ಹೋಗೋಣ."

ಅವಳ ಕೈಯಲ್ಲಿದ್ದ ಬೋಲ್ಟು ಕೆಳಗೆ ಬಿತ್ತು.

"ಬೇಡ."

"ಗಲೀಜಿದೆಯಾ? ನನ್ನ ಹಡಗು ನೋಡಿಲ್ಲ ನೀನು!"

"ಬೇಡ ಎಸ್ಬೆನ್. ಶೆಡ್ಡಿಗೆ ಯಾರೂ ಬರೋದು ಬೇಡ."

ಅವನ ನಗು ಇಳಿಯಿತು. ಏನೋ ಅರ್ಥವಾದವನಂತೆ ಮೆಲ್ಲಗೆ ತಲೆಯಾಡಿಸಿದ.

"ಕ್ಷಮಿಸು. ನನಗೆ ಹೊಳೀಲಿಲ್ಲ... ಅದು ಅವನ ಜಾಗ, ಅಲ್ವಾ? ನಿನ್ನ ಗಂಡನದು."

ಮೆರೇಟೆ ಬಾಯಿ ತೆರೆದಳು.

ಅವಳ ಗಂಡ ಆ ಶೆಡ್ಡಿಗೆ ಸೈಕಲ್ ಇಡಲು ಮಾತ್ರ ಕಾಲಿಡುತ್ತಿದ್ದ.

'ಅಲ್ಲ ಅನ್ನು. ಒಂದು ಮಾತು...'

ಅವಳು ಅನ್ನಲಿಲ್ಲ. ಸುಮ್ಮನೆ ನೆಲ ನೋಡಿದಳು. ಆ ಮೌನವೇ ಹೌದು ಎಂದಿತು.

"ಸರಿ," ಅಂದ ಎಸ್ಬೆನ್. "ನಾನು ಅವಸರ ಮಾಡಲ್ಲ."

ಮನೆಗೆ ಬಂದು ಅವಳು ಕೋಟು ಕಳಚದೆ ಕೂತಳು. ಬಾಗಿಲು ಸುಟ್ಟದ್ದು ತಿಳಿಯದೆ. 'ಇಲ್ಲ' ಅಂದದ್ದು ಹೆದರಿ. ಆದರೆ ಇದು? ಮಣ್ಣಿಗಿಟ್ಟು ಬಂದವನನ್ನು ಎಳೆದು ತಂದು ತನ್ನ ಸುಳ್ಳಿನ ಮುಂದೆ ನಿಲ್ಲಿಸಿದ್ದಳು. ಅವನಿಗೆ ಬಾಯಿಲ್ಲ, ಅಲ್ಲ ಅನ್ನಲಾರ.

 

*

ಎರಡು ಪದರ ಪ್ಲೈವುಡ್ ಅಂಟಿಸಿ ಮೇಲ್ಹಲಗೆ ಮಾಡಿದರು. ಭಾರಕ್ಕೆಂದು ಕಾಲುಗಳ ನಡುವಿನ ಅಟ್ಟಕ್ಕೆ ಹಳೆಯ ಕಾಲುದಾರಿಯ ಕಲ್ಲುಚಪ್ಪಡಿ ಪೇರಿಸಿದರು. ಆನೆ ತಳ್ಳಿದರೂ ಮೇಜು ಕದಲುವಂತಿರಲಿಲ್ಲ.

"ಮನೆಗೆ ತೊಲೆ ಏರಿಸಿದ ದಿನ ಬೀದಿಗೆಲ್ಲ ಬಿಯರು ಕೊಡ್ತೀವಲ್ಲ? ಮೇಜಿಗೂ ಕೊಡೋಣ!" ಅಂದ ಎಸ್ಬೆನ್.

ಜೂನ್ ತಿಂಗಳ ಸಂಜೆ. ಸೂರ್ಯ ಇಳಿಯುವ ಯೋಚನೆಯಲ್ಲೇ ಇರಲಿಲ್ಲ. ತೊಲೆಗೆ ಕಟ್ಟುವಂತೆಯೇ ಮೇಜಿನ ಮೇಲೂ ಹಸಿರು ಎಲೆಯ ಮಾಲೆ ಕಟ್ಟಿದ್ದ. ಬೀದಿಯವರೆಲ್ಲ ಬಂದರು. ಬಿಯರು, ಬಿಸಿ ಸಾಸೇಜು. ರಿಗ್ಮೋರ್ ಮೇಜಿನ ಮೇಲೇರಿ ಕುಣಿದು ತೋರಿಸಿದಳು.

"ಅಲ್ಲಾಡ್ತಾನೇ ಇಲ್ಲ! ನನ್ನ ಬಸ್ಸಿಗಿಂತ ಗಟ್ಟಿ!"

ಬಿಯರಿದ್ದ ಮೇಲೆ ಭಾಷಣ ಇರಲೇಬೇಕು. ಎಸ್ಬೆನ್ ಸೀಸೆಯನ್ನು ಚಮಚದಿಂದ ಬಡಿದ.

"ಹೆಚ್ಚು ಹೇಳಲ್ಲ. ನಾನು ಈ ಬೀದಿಗೆ ಬಂದ ದಿನ ಒಬ್ಬರು ನನ್ನ ಬಾಗಿಲು ತಗೊಂಡು ಹೋದ್ರು. ಯಾರೂಂತ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬರು ಕೇಳದೇನೇ ಬಂದು, ತಮ್ಮ ರಜೆಯೆಲ್ಲ ಕೊಟ್ಟು, ನನಗೆ ಮೇಜು ಕಟ್ಟಿಕೊಟ್ರು. ಬೀದಿ ಅಂದ್ರೆ ಎರಡೂ ಇರುತ್ತೆ. ಆದ್ರೆ ನನಗೆ ಸಿಕ್ಕಿದ್ದು ಎರಡನೆಯವರು. ಈ ಬಿಯರು ಮೆರೇಟೆಗೆ!"

"ಹುರ್ರಾ!" ಎಂದಿತು ಬೀದಿ.

ಮೆರೇಟೆಯ ಕಿವಿಗಳು ಉರಿದವು.

"ಹುರ್ರಾ!"

ರಿಗ್ಮೋರ್ ಮಾತ್ರ ಕೂಗುತ್ತಿರಲಿಲ್ಲ. ಮೆರೇಟೆಯನ್ನೇ ನೋಡುತ್ತಿದ್ದಳು.

"ಹುರ್—"

"ನಿಲ್ಲಿಸಿ!" ಎಂದು ಕೂಗಿದಳು ಮೆರೇಟೆ.

ಕೈಯಲ್ಲಿ ಬಿಯರು ಹಿಡಿದ ಜನ ಹಾಗೇ ನಿಂತರು.

"ಬಾ ನನ್ನ ಜೊತೆ," ಅಂದಳು ಎಸ್ಬೆನ್‌ಗೆ. "ಈಗಲೇ. ನನ್ನ ಶೆಡ್ಡಿಗೆ."

*

ಶೆಡ್ಡಿನಲ್ಲಿ ಅವಳು ತನ್ನ ಮೇಜಿನ ಮೇಲಿದ್ದ ಹಾಸುಬಟ್ಟೆ ಎಳೆದಳು.

ಎಸ್ಬೆನ್ ಮುಟ್ಟದೆಯೇ ಗುರುತಿಸಿದ. ಆಮೇಲೆ ಮುಟ್ಟಿದ. ಚಿಲಕದ ಹಳೆಯ ಗುರುತನ್ನು ಹೆಬ್ಬೆರಳಿನಿಂದ ಸವರಿದ. ಅಂಗೈ ಹಲಗೆಯ ಮೇಲೆ ಜಾರುತ್ತಾ ತುದಿಗೆ ಬಂದು, ಕತ್ತರಿಸಿದ ಅಂಚಿನಲ್ಲಿ ನಿಂತಿತು.

"ಕಿಂಡಿ?"

"ಸುಟ್ಟೆ."

"ಯಾವಾಗ?"

"ನೀನು ನನ್ನ ಮನೆ ಮುಂದೆ ನಿಂತು ಕೇಳಿದೆಯಲ್ಲ... ಆಗ ಉರೀತಿತ್ತು."

"ಬೆಕ್ಕಿನ ಕತೆ ಹೇಳಿದೆ ನಾನು," ಅಂದ ಎಸ್ಬೆನ್. "ನೀನು ನಕ್ಕೆ."

ಮೆರೇಟೆ ಹಾಸುಬಟ್ಟೆಯನ್ನು ಕೆಳಗಿಟ್ಟಳು.

"ಇನ್ನೂ ಒಂದಿದೆ. ಇದು ನನ್ನ ಗಂಡನ ಜಾಗ ಅಲ್ಲ. ಯಾವತ್ತೂ ಆಗಿರಲಿಲ್ಲ. ನೀನು ಹಾಗಂದಾಗ ಸುಮ್ಮನಿದ್ದೆ. ನನಗೆ ಅನುಕೂಲ ಆಯ್ತು ಅಂತ. ಅದಕ್ಕೆ ಕ್ಷಮೆ ಕೇಳೋಕೂ ಮುಖ ಇಲ್ಲ ನನಗೆ."

ಅವನು ತಿರುಗಿದ. ಆ ಕಣ್ಣುಗಳಲ್ಲಿ ಕೋಪವಿತ್ತು, ಕೋಪದ ಕೆಳಗೆ ಅವಳಿಗೆ ಅರ್ಥವಾಗದ ಇನ್ನೇನೋ ಇತ್ತು. ಹೊರಟುಹೋದ.

*

ಮರುದಿನ ಮೆರೇಟೆ ತನ್ನ ಮೇಜಿನ ಬೋಲ್ಟುಗಳನ್ನು ಬಿಚ್ಚಿದಳು. ಹಲಗೆಯನ್ನು ಮತ್ತೆ ಅವಳೂ ರಿಗ್ಮೋರೂ ಹೊತ್ತರು.

"ಕತ್ತರಿಸಿದ ಮೇಲೆ ಹಗುರಾಗಬೇಕಿತ್ತು. ಇನ್ನೂ ಭಾರ ಆಗಿದೆಯಲ್ಲೇ!" ರಿಗ್ಮೋರ್ ಗೊಣಗಿದಳು.

"ನಿಮಗೆ ವಯಸ್ಸಾಯ್ತು."

"ವಯಸ್ಸು ನಿನಗಾಗಿದೆ, ಕನ್ನಡಿ ನೋಡ್ಕೋ. ಹೋಗಲಿ... ಹೇಳಿದೆಯಲ್ಲ. ಸಾಕು."

ಎಸ್ಬೆನ್ ಹಡಗಿಗೆ ಹೋಗಿದ್ದ. ಹಲಗೆಯನ್ನು ಅವನ ಮನೆಯ ಗೋಡೆಗೆ, ಬೇಲಿಯ ಒಳಗೆ, ಒರಗಿಸಿ ಬಂದರು.

ಒಂದು ವಾರ ಅವನ ಸುಳಿವಿಲ್ಲ. ಮೂಲೆ ಮನೆಯ ಮುಂದೆ ಹೋಗಲು ಧೈರ್ಯವಿಲ್ಲದೆ ಅವಳು ಕಾಲೇಜಿಗೆ ಸುತ್ತುದಾರಿ ಹಿಡಿದಳು. ಶೆಡ್ಡಿನಲ್ಲಿ ಮೇಲ್ಹಲಗೆಯಿಲ್ಲದ ನಾಲ್ಕು ಕಾಲು ನಿಂತಿದ್ದವು. ನೋಡಲಾಗದೆ ಬೆನ್ನು ಮಾಡಿ ಕುರ್ಚಿ ಕೆಲಸ ಮಾಡಿದಳು. ಕೈ ದುಡಿಯುತ್ತಿತ್ತು, ತಲೆ ಈಗ ಸುಮ್ಮನಿರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೈಗಾಡಿಯ ಕಿರುಗುಟ್ಟುವಿಕೆ.

ಎಸ್ಬೆನ್! ಗಾಡಿಯಲ್ಲಿ ಅದೇ ಹಲಗೆ.

"ಒಂದು ಕಡೆ ಹಿಡಿ," ಅಂದ.

ಇಬ್ಬರೂ ಅದನ್ನು ಕಾಲುಗಳ ಮೇಲಿಟ್ಟರು.  ಅವನೇ ಬೋಲ್ಟು ಬಿಗಿಯತೊಡಗಿದ.

"ಇದು ನಿನ್ನದು ಎಸ್ಬೆನ್..."

"ಎರಡು ದಿನ ಕೋಪ ಇತ್ತು. ತುಂಬಾನೇ ಇತ್ತು. ಹಡಗಿನ ಅಡುಗೆಯವನು ನನ್ನ ಕಂಡ್ರೆ ಓಡಿಹೋಗ್ತಿದ್ದ." ಅವನು ತಲೆಯೆತ್ತಲಿಲ್ಲ. "ಆಮೇಲೆ ಉಳಿದಿದ್ದು ಕೋಪ ಅಲ್ಲ. ನಾಚಿಕೆ."

"ನಾಚಿಕೆ? ನಿನಗ್ಯಾಕೆ?"

ಅವನ ಕಿವಿ ಕೆಂಪಾಯಿತು.

"ಇದು ಅವನ ಜಾಗ ಅಂದುಕೊಂಡಿದ್ದೆನಲ್ಲ... ಅವತ್ತಿಂದ ನನಗೆ ಹೊಟ್ಟೆಕಿಚ್ಚು. ಸತ್ತವನ ಮೇಲೆ! ಈ ಶೆಡ್ಡಿನಲ್ಲಿ ಅವನ ಕೋಟು, ಟೋಪಿ, ಹತ್ಯಾರ ಎಲ್ಲ ಹಾಗೇ ಇದೆ, ನೀನು ದಿನಾ ಬಂದು ಮುಟ್ತೀಯ ಅಂತ ಕಲ್ಪನೆ ಮಾಡ್ಕೊಂಡು ಉರಿದುಹೋಗಿದ್ದೆ. ನೀನು ಬಟ್ಟೆ ಎಳೆದು ಬಾಗಿಲು ತೋರಿಸಿದಾಗ ಮೊದಲು ಏನನ್ನಿಸ್ತು ಗೊತ್ತಾ? ಸದ್ಯ, ಬರೀ ಬಾಗಿಲು! ಅಪ್ಪನ ಬಾಗಿಲು ಕಂಡು 'ಬರೀ' ಅಂದೆ. ಎಂಥ ಮಗ! ಎಂಥ ಮನುಷ್ಯ!"

ಮೆರೇಟೆ ಅವನನ್ನೇ ನೋಡಿದಳು. ಅಂದು ಆ ಕಣ್ಣುಗಳಲ್ಲಿ ಕಂಡದ್ದು ಇದೇ.

"ನಾನು ನಿನ್ನನ್ನ ಇನ್ನು ನಂಬಬಹುದಾ?" ಅವನು ಕೇಳಿದ. ಅದು ಚುಚ್ಚುಮಾತಾಗಿರಲಿಲ್ಲ.

"ಹೂಂ. ಹೆದರಿದ್ರೆ, ಹೆದರಿದೀನಿ ಅಂತ ಹೇಳ್ತೀನಿ."

"ಈಗ ಹೆದರಿದ್ದೀಯಾ?"

"ತುಂಬಾ."

ಅವನು ಸ್ಪ್ಯಾನರ್ ಕೆಳಗಿಟ್ಟ.

"ಅವನ ಹೆಸರೇನು ಮೆರೇಟೆ?"

ಬೀದಿಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ. 'ನಿನ್ನವನು' ಅನ್ನುತ್ತಿದ್ದರು, 'ಪಾಪ' ಅನ್ನುತ್ತಿದ್ದರು. ಅವಳೂ ಹೇಳುವುದನ್ನು ಬಿಟ್ಟಿದ್ದಳು.

"ಯೆಪ್ಪೆ," ಅಂದಳು. ಹೆಸರು ಬಾಯಿಯಲ್ಲಿ ಮುರಿಯಲಿಲ್ಲ. "ಯೆಪ್ಪೆ."

"ಹೇಗಿದ್ದ?"

"ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರ್ತಿರಲಿಲ್ಲ. ಹೊಡೆದಿದ್ದೆಲ್ಲ ಅವನ ಹೆಬ್ಬೆರಳಿಗೇ. ಆಮೇಲೆ ಮೊಳೆಗೇ ಬೈತಿದ್ದ."

ಎಸ್ಬೆನ್ ನಕ್ಕುಬಿಟ್ಟ. ಅವಳೂ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಸುರಿಯಿತು. ಅವನು ಹತ್ತಿರ ಬಂದು ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡ.

"ಇನ್ನೂ ಹೇಳು. ಅವನ ವಿಷಯ ಎಲ್ಲಾ ಹೇಳು, ಕೇಳ್ತೀನಿ. ಆಮೇಲೆ ನಾನು ಒಂದು ಮಾತು ಹೇಳೋದಿದೆ."

"ಏನು?"

"ನಿನ್ನನ್ನ ಪ್ರೀತಿಸ್ತೀನಿ ಅಂತ. ಆದ್ರೆ ಅದು ಆಮೇಲೆ."

ಮೆರೇಟೆ ಮುಖವೆತ್ತಿ ಅವನನ್ನು ನೆಟ್ಟಗೆ ನೋಡಿದಳು. ಬಹಳ ದಿನಗಳ ಮೇಲೆ ಅವಳ ಕಣ್ಣು ತಗ್ಗಲಿಲ್ಲ.

"ಅದನ್ನೇ ಮೊದಲು ಹೇಳು," ಅಂದಳು.